ಮುಂದಿನ ಹಬ್ಬ ಯಾವಾಗ?

ಪ್ರಶ್ನೆ: ದೀಪಾವಳಿ ಮುಗಿದ ಮರುದಿನದಿಂದ ನಮ್ಮ 4 ಮತ್ತು 7 ವರ್ಷದ ಮಕ್ಕಳು ಮಂಕಾಗಿದ್ದಾರೆ. ‘ಅವ್ವಾ, ಮುಂದಿನ ಹಬ್ಬ ಯಾವಾಗ ಬರತೈತಿ?’ ಎಂಬುದೊಂದೇ ಮಾತು. ದಿನಾ ಆಟಿಕೆ, ಸಿಹಿ ತರದೆ ಹಬ್ಬದ ಕಳೆಯನ್ನು ವರ್ಷವಿಡೀ ಉಳಿಸಿಕೊಳ್ಳುವುದು ಹೇಗೆ?
– ತಾಯಿ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಮಕ್ಕಳಿಗೆ ಹಬ್ಬದ ದಿನಕ್ಕಿಂತ ಅದರ ಹಿಂದಿನ ನಾಲ್ಕು ದಿನ ಹೆಚ್ಚು ರುಚಿ. ಹಿಟ್ಟು ಮುಟ್ಟಬಹುದು, ಮಣ್ಣು ಕಲಸಬಹುದು, ಯಾರೂ ಬೈಯುವುದಿಲ್ಲ. ಹೊಸ ಹಬ್ಬ ಹುಡುಕಬೇಕಿಲ್ಲ, ಪೇಟೆಯ ಮನೆಗಳು ಕೈಬಿಟ್ಟ ನಮ್ಮ ಸಣ್ಣ ಹಬ್ಬಗಳನ್ನೇ ಮತ್ತೆ ಹಿಡಿಯಿರಿ. ದೀಪಾವಳಿ ಅಮಾವಾಸ್ಯೆಯಾಗಿ ಹದಿನೈದು ದಿನಕ್ಕೆ ಗೌರಿ ಹುಣ್ಣಿಮೆ. ಆಮೇಲೆ ಎಳ್ಳಮಾವಾಸ್ಯೆ, ಸಂಕ್ರಮಣ, ಹೋಳಿ ಹುಣ್ಣಿಮೆ, ಯುಗಾದಿ, ಕಾರಹುಣ್ಣಿಮೆ, ಮಣ್ಣೆತ್ತಿನ ಅಮಾವಾಸ್ಯೆ, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವನ ಪೂಜೆ, ನಾಗರ ಪಂಚಮಿ, ಗಣೇಶ ಚವತಿ, ದಸರೆಯ ಬನ್ನಿ, ಶೀಗಿ ಹುಣ್ಣಿಮೆ. ಒಂದೊಂದಕ್ಕೆ ಒಂದೇ ಕೈಕೆಲಸ ಇಟ್ಟುಕೊಳ್ಳಿ. ಎಲ್ಲವನ್ನೂ ದೀಪಾವಳಿಯಷ್ಟೇ ದೊಡ್ಡದು ಮಾಡಲು ಹೋದರೆ ಮೂರನೆಯದಕ್ಕೇ ನೀವು ದಣಿಯುತ್ತೀರಿ, ಅದು ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ.

4 ವರ್ಷದ ಮಗುವಿಗೆ ‘ಇನ್ನೊಂದು ತಿಂಗಳು’ ಎಂದರೆ ಏನೂ ತಿಳಿಯದು. ಹಳೆಯ ಕ್ಯಾಲೆಂಡರಿನ ಹಾಳೆಯಿಂದ ಒಂದು ಗೇಣು ಉದ್ದ, ಎರಡು ಬೆರಳು ಅಗಲದ ಪಟ್ಟಿ ಕತ್ತರಿಸಿ, ಬಳೆಯಂತೆ ಅಂಟಿಸಿ ಸರಪಳಿ ಮಾಡಿ ನೇತುಹಾಕಿ. ಒಂದು ಚಮಚ ಮೈದಾಕ್ಕೆ ಐದು ಚಮಚ ನೀರು ಸೇರಿಸಿ ಕುದಿಸಿದರೆ ಅಂಟು ಸಿದ್ಧ. ದಿನಾ ಬೆಳಿಗ್ಗೆ ಮಗು ಒಂದು ಬಳೆ ಹರಿಯಬೇಕು. ಹತ್ತೇ ಬಳೆ ಸಾಕು. ಮೂವತ್ತು ಹಾಕಿದರೆ ನಾಲ್ಕನೆಯ ದಿನಕ್ಕೆ ತಾಳ್ಮೆ ತಪ್ಪಿ ಎಲ್ಲವನ್ನೂ ಒಟ್ಟಿಗೆ ಹರಿದುಬಿಡುತ್ತದೆ.

ಕೆಲಸ ವಯಸ್ಸಿಗೆ ತಕ್ಕದ್ದಿರಲಿ. ಪಂಚಮಿಯ ಶೇಂಗಾ ಉಂಡಿ ಇಬ್ಬರಿಗೂ ಹೊಂದುತ್ತದೆ. ಕಾಲು ಕಿಲೋ ಶೇಂಗಾವನ್ನು ಸಣ್ಣ ಉರಿಯಲ್ಲಿ ಹುರಿದು ಕೊಡಿ. ತಣ್ಣಗಾದ ಮೇಲೆ ಸಿಪ್ಪೆ ತಿಕ್ಕಿ, ಮೊರದಲ್ಲಿ ಹಾರಿಸುವುದು ದೊಡ್ಡವನ ಪಾಲು. 150 ಗ್ರಾಂ ಬೆಲ್ಲ ತುರಿದು, ಎರಡು ಏಲಕ್ಕಿ ಹಾಕಿ, ಶೇಂಗಾದ ಜೊತೆ ಮಿಕ್ಸರ್‌ನಲ್ಲಿ ತಡೆತಡೆದು ತಿರುವಿ. ಎಣ್ಣೆ ಬಿಟ್ಟು ಮುದ್ದೆಯಾಗುವ ಹೊತ್ತಿಗೆ ನಿಲ್ಲಿಸಿ, ಉಂಡಿ ಕಟ್ಟಲು ಸಣ್ಣವಳ ಕೈಗೆ ಕೊಡಿ. ಉಂಡಿ ಪುಡಿಪುಡಿಯಾದರೆ ಶೇಂಗಾ ಎಣ್ಣೆ ಬಿಟ್ಟಿಲ್ಲ ಎಂದರ್ಥ, ಇನ್ನೊಂದು ಸುತ್ತು ತಿರುವಿ, ಒಂದು ಚಮಚ ತುಪ್ಪ ಹಾಕಿ. 5 ವರ್ಷದೊಳಗಿನ ಮಕ್ಕಳಿಗೆ ಇಡೀ ಶೇಂಗಾಕಾಳು ಮಾತ್ರ ಬೇಡ, ಶ್ವಾಸನಾಳಕ್ಕೆ ಹೋಗಿ ಸಿಕ್ಕಿಕೊಳ್ಳುತ್ತದೆ. ಸಂಕ್ರಮಣದ ಎಳ್ಳು-ಬೆಲ್ಲದಲ್ಲೂ ಅವರ ಪಾಲಿಗೆ ಕುಟ್ಟಿ ಹಾಕಿ.

ಹಬ್ಬ ಮುಗಿದ ಮೇಲಿನ ಕೆಲಸವೂ ಮಕ್ಕಳದೇ ಆಗಲಿ. ಒಂದು ತಗಡಿನ ಟ್ರಂಕ್ ಇಡಿ. ಆಕಾಶಬುಟ್ಟಿಯನ್ನು ಅವರೇ ಮಡಚಲಿ, ಪಣತಿಗಳನ್ನು ಬಿಸಿನೀರು, ಕಡಲೆಹಿಟ್ಟಿನಿಂದ ತೊಳೆದು ಎರಡು ದಿನ ಒಣಗಿಸಲಿ. ಎಣ್ಣೆ ಜಿಡ್ಡು ಉಳಿದರೆ ಜೊಂಡಿಗ (ಜಿರಳೆ) ಬರುತ್ತವೆ. ನಡುವೆ ಮಗು ಎಷ್ಟು ಹಟ ಮಾಡಿದರೂ ಟ್ರಂಕ್ ತೆಗೆಯಬೇಡಿ. ವರ್ಷವಿಡೀ ಕಣ್ಣೆದುರಿಗೆ ತೂಗುವ ಆಕಾಶಬುಟ್ಟಿಯನ್ನು ಯಾವ ಮಗುವೂ ತಿರುಗಿ ನೋಡುವುದಿಲ್ಲ.

ಪ್ರಶ್ನೆ: ಹೊಲದ ಎರಿ (ಕಪ್ಪು) ಮಣ್ಣು ತಂದು ಮಗನ ಕೈಯಿಂದ ಮಣ್ಣೆತ್ತು ಮಾಡಿಸುತ್ತೇವೆ. ಮರುದಿನವೇ ಬಿರುಕು ಬಿಟ್ಟು ಕೋಡು ಉದುರುತ್ತವೆ, ಅವನು ಅಳುತ್ತಾನೆ. ಏನು ತಪ್ಪುತ್ತಿದೆ?
– ಓದುಗರು, ಗದಗ

ಉತ್ತರ: ಎರಿ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಆರಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲ ಬಾಯಿ ಬಿಡುವುದು ಇದೇ ಕಾರಣಕ್ಕೆ. ಕುಂಬಾರರಲ್ಲಿ ಹದ ಮಾಡಿದ ಮಣ್ಣು ಸಿಕ್ಕರೆ ಅದೇ ಉತ್ತಮ. ಇಲ್ಲವಾದರೆ ಮೂರು ಬಟ್ಟಲು ಎರಿ ಮಣ್ಣಿಗೆ ಒಂದು ಬಟ್ಟಲು ಜರಡಿ ಹಿಡಿದ ಸಣ್ಣ ಉಸುಕು, ಒಂದು ಹಿಡಿ ಹಿಂಜಿದ ಹತ್ತಿ ಸೇರಿಸಿ. ಉಸುಕು ಕುಗ್ಗುವುದನ್ನು ತಗ್ಗಿಸುತ್ತದೆ, ಹತ್ತಿಯ ಎಳೆ ಮಣ್ಣನ್ನು ಹಿಡಿದಿಡುತ್ತದೆ. ರಾತ್ರಿಯಿಡೀ ನೆನೆಸಿ, ಚಪಾತಿ ಹಿಟ್ಟಿಗಿಂತ ತುಸು ಗಟ್ಟಿಯಾಗುವವರೆಗೆ ನಾದಿ.

ಕೋಡು ಉದುರುವುದಕ್ಕೆ ಬೇರೆ ಕಾರಣವಿದೆ. ಮೈ ಅರ್ಧ ಆರಿದ ಮೇಲೆ ಹಸಿ ಕೋಡು ಅಂಟಿಸಿದರೆ ಎರಡೂ ಒಂದೇ ಸಮನೆ ಕುಗ್ಗುವುದಿಲ್ಲ. ಮೈ, ಕೋಡು, ಇಣಿ (ಹೆಗಲ ಮೇಲಿನ ಡುಬ್ಬ) ಎಲ್ಲ ಒಂದೇ ಸಲ ಕೂತಾಗ ಮುಗಿಯಲಿ. ಕೂಡಿಸುವ ಜಾಗವನ್ನು ಕಡ್ಡಿಯಿಂದ ಗೀಚಿ, ನೀರಾದ ಮಣ್ಣು ಸವರಿ ಒತ್ತಿ. ಕೋಡಿನೊಳಗೆ ಕಸಬರಿಗೆ ಕಡ್ಡಿಯ ತುಂಡು ಚುಚ್ಚಿದರೆ ಇನ್ನೂ ಗಟ್ಟಿ. ಕಾಲು ಮಗುವಿನ ಹೆಬ್ಬೆರಳಿಗಿಂತ ದಪ್ಪವಿರಲಿ, ಸಣಕಲು ಕಾಲಿನ ಎತ್ತು ನಿಲ್ಲದು. ಬಿಸಿಲಿಗೆ ಇಡಬೇಡಿ, ಮೇಲ್ಮೈ ಮೊದಲು ಆರಿ ಸೀಳುತ್ತದೆ. ಹಸಿ ಬಟ್ಟೆ ಹೊದಿಸಿ ಒಂದು ದಿನ, ಬಟ್ಟೆ ತೆಗೆದು ನೆರಳಲ್ಲಿ ಮೂರು ದಿನ. ಹೀಗಾಗಿ ಅಮಾವಾಸ್ಯೆಗೆ ಐದು ದಿನ ಮೊದಲೇ ಕೂತುಕೊಳ್ಳಬೇಕು. ಉಳಿದ ಮಣ್ಣಲ್ಲಿ ಗ್ವಾದಲಿ (ಎತ್ತಿಗೆ ಮೇವು ಹಾಕುವ ಜಾಗ) ಮಾಡಲಿ.

ಕಣ್ಣಿಗೆ ಗುಲಗಂಜಿ ಇಡುವ ರೂಢಿ ಇದ್ದರೆ ದಯವಿಟ್ಟು ಬಿಡಿ. ಅದನ್ನು ಮಗು ಅಗಿದರೆ ಜೀವಕ್ಕೇ ಅಪಾಯದ ವಿಷ. ಜೋಳದ ಕಾಳು ಚೆನ್ನಾಗಿ ಕಾಣುತ್ತದೆ.

ಪ್ರಶ್ನೆ: ಅತ್ತೆಯವರ ಕಾಲದ ಸಾಗವಾನಿ ಅಚ್ಚುಗಳಿವೆ. ಗೌರಿ ಹುಣ್ಣಿಮೆಗೆ ಸಕ್ಕರೆ ಗೊಂಬೆ ಮಾಡಿದರೆ ಅಚ್ಚಿಗೇ ಕಚ್ಚಿಕೊಳ್ಳುತ್ತವೆ. ಮಕ್ಕಳನ್ನೂ ಸೇರಿಸಿಕೊಳ್ಳಬಹುದೇ?
– ಓದುಗರು, ಹಾವೇರಿ

ಉತ್ತರ: ಒಣ ಕಟ್ಟಿಗೆ ಪಾಕ ಹಿಡಿದುಕೊಳ್ಳುತ್ತದೆ. ಅಚ್ಚನ್ನು ಮೂರ್ನಾಲ್ಕು ತಾಸು ನೀರಲ್ಲಿ ನೆನೆಸಿ, ಒರೆಸಿ, ಜೋಡಿಸಿ ದಾರ ಬಿಗಿಯಿರಿ. ಪಾಕ ಕುದಿಯುವಾಗ ಎರಡು ಚಮಚ ಹಾಲು ಹಾಕಿ ಮೇಲೆ ಬಂದ ಕಸರು ತೆಗೆಯಿರಿ. ಗಟ್ಟಿ ಪಾಕವನ್ನು ಇಳಿಸಿ ತಿರುವುತ್ತಿದ್ದರೆ ಬೆಳ್ಳಗೆ ಮಂಜಾಗುತ್ತದೆ, ಆಗಲೇ ಹೊಯ್ಯಬೇಕು. ತಿಳಿಯಾಗಿದ್ದಾಗ ಹೊಯ್ದರೆ ಜಿಗಟು, ತಡವಾದರೆ ಪಾತ್ರೆಯಲ್ಲೇ ಹರಳು. ಆ ಪಾಕ ಕುದಿನೀರಿಗಿಂತ ಬಿಸಿ, ಮೈಗೆ ಅಂಟಿಕೊಂಡು ಸುಡುತ್ತದೆ. ಹೊಯ್ದು ಮುಗಿಯುವವರೆಗೆ ಮಕ್ಕಳು ಅಡುಗೆಮನೆಯ ಹೊಸ್ತಿಲಾಚೆ ಇರಲಿ. ಅಚ್ಚು ತಣ್ಣಗಾದ ಮೇಲೆ ದಾರ ಬಿಚ್ಚಿ ಆನೆಯೋ ಒಂಟೆಯೋ ನೋಡುವ ಕೆಲಸ ಅವರಿಗೇ ಬಿಡಿ.