ಮೆಸೇಜು ಕಳಿಸಿಬಿಟ್ಟರೆ ಆಯಿತೇ?

ಓದುಗರ ಪತ್ರ: ‘ಎಚ್‌ಐವಿ ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟವರ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿದೆ. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ದಿನಾ ರಾತ್ರಿ ಎಂಟಕ್ಕೆ “ಮಾತ್ರೆ ತೆಗೆದುಕೊಳ್ಳಿ” ಎಂದು ಕಂಪ್ಯೂಟರಿನಿಂದ ತಾನಾಗಿಯೇ ಮೆಸೇಜು ಹೋದರೆ ಮುಗಿಯಿತಲ್ಲ? ಆಪ್ತಸಮಾಲೋಚಕರ ಸಂಬಳವೂ ಉಳಿಯುತ್ತದೆ. ಆಸ್ಪತ್ರೆಯವರು ನಂಬರುಗಳ ಪಟ್ಟಿ ಕೊಟ್ಟರೆ ಖರ್ಚನ್ನು ನಮ್ಮ ನಿವೃತ್ತ ಬ್ಯಾಂಕ್ ನೌಕರರ ಸಂಘ ನೋಡಿಕೊಳ್ಳುತ್ತದೆ.’ – ದಾವಣಗೆರೆಯ ಓದುಗರು (ಹೆಸರು ಹಾಕಬೇಡಿ ಎಂದಿದ್ದಾರೆ)

ಮಾನ್ಯರೇ,

ಎಚ್‌ಐವಿ ಎಂದ ಕೂಡಲೇ ಮಾತು ಬದಲಿಸುವ ಜನರ ನಡುವೆ, ಕೈಯಿಂದ ದುಡ್ಡು ಹಾಕುತ್ತೇನೆ ಎನ್ನುವ ಪತ್ರ ಬರುವುದು ಅಪರೂಪ. ಅದಕ್ಕೆ ಕೈಮುಗಿದೆ. ಆದರೆ ‘ಸಂಬಳವೂ ಉಳಿಯುತ್ತದೆ’ ಎಂಬ ಸಾಲು ಗಂಟಲಲ್ಲಿ ಸಿಕ್ಕಿಕೊಂಡಿತು. ಇಷ್ಟುದ್ದದ ಉತ್ತರಕ್ಕೆ ಆ ಸಾಲೇ ಹೊಣೆ.

ಮೊಬೈಲಿನಿಂದ ಉಪಯೋಗವಿಲ್ಲ ಎಂದು ವಾದಿಸುವವನು ನಾನಲ್ಲ. ಔಷಧ ತಪ್ಪದಂತೆ ನೋಡಿಕೊಳ್ಳಲು ಎಸ್‌ಎಂಎಸ್ ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯೇ 2013ರ ಮಾರ್ಗಸೂಚಿಯಲ್ಲಿ ಹೇಳಿದೆ. ಆದರೆ ಅದಕ್ಕೆ ಮುಂಚೆ ಕೀನ್ಯಾದಲ್ಲಿ ಏನು ನಡೆದಿತ್ತು, ಸ್ವಲ್ಪ ಕೇಳಿ. 2010ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ ಪ್ರಕಟಿಸಿದ ಆ ಪ್ರಯೋಗದಲ್ಲಿ 538 ರೋಗಿಗಳಿದ್ದರು. ಅವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ವಾರಕ್ಕೊಂದು ಮೆಸೇಜು: ‘ಹೇಗಿದ್ದೀರಿ?’ ಅಷ್ಟೇ. ಮಾತ್ರೆಯ ಸುದ್ದಿಯಿಲ್ಲ, ರೋಗದ ಹೆಸರಿಲ್ಲ. 48 ಗಂಟೆಯೊಳಗೆ ಆರಾಮಾಗಿದ್ದೇನೆ ಅಥವಾ ತೊಂದರೆಯಿದೆ ಎಂದು ಉತ್ತರಿಸಬೇಕು. ತೊಂದರೆ ಎಂದವರಿಗೂ ಏನೂ ಹೇಳದವರಿಗೂ ಕ್ಲಿನಿಕ್ಕಿನವರೇ ಫೋನು ಮಾಡುತ್ತಿದ್ದರು. ವರ್ಷದ ಕೊನೆಗೆ ಈ ಗುಂಪಿನಲ್ಲಿ ವೈರಸ್ ಹತೋಟಿಗೆ ಬಂದವರು ನೂರಕ್ಕೆ 57, ಮೆಸೇಜು ಹೋಗದ ಗುಂಪಿನಲ್ಲಿ 48. ಮರುವರ್ಷ ಅದೇ ದೇಶದಿಂದ ಬಂದ ಇನ್ನೊಂದು ಅಧ್ಯಯನದಲ್ಲಿ ವಾರಕ್ಕೊಮ್ಮೆ ನೆನಪಿಸಿದ್ದು ಫಲ ಕೊಟ್ಟಿತು, ದಿನಾ ನೆನಪಿಸಿದ್ದು ಕೊಡಲಿಲ್ಲ. ನಿಮ್ಮ ರಾತ್ರಿ ಎಂಟು ಗಂಟೆಯ ಯೋಜನೆ ಅಲ್ಲಿಗೆ ಬಿದ್ದಂತೆ.

ನಮ್ಮ ಕಡೆ ಏನಾಯಿತು? ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿದ್ದ ಡಾ. ಅನಿತಾ ಶೆಟ್ ಮತ್ತು ಸಂಗಡಿಗರು ದಕ್ಷಿಣ ಭಾರತದ ಮೂರು ಕಡೆ, ಹೊಸದಾಗಿ ಚಿಕಿತ್ಸೆಗೆ ಸೇರಿದ 631 ಜನರೊಂದಿಗೆ ನಡೆಸಿದ ಪ್ರಯೋಗ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ವಾರವಾರವೂ ಯಂತ್ರದಿಂದ ಧ್ವನಿ ಕರೆ, ಜೊತೆಗೊಂದು ಚಿತ್ರದ ಮೆಸೇಜು. ಹೆಚ್ಚುಕಡಿಮೆ ಎರಡು ವರ್ಷ ನೋಡಿದರು. ಕರೆ ಹೋದವರಿಗೂ ಹೋಗದವರಿಗೂ ವ್ಯತ್ಯಾಸವೇ ಕಾಣಲಿಲ್ಲ. ಇದನ್ನು ಓದಿ ನನಗೆ ಆಶ್ಚರ್ಯವಾಗಲಿಲ್ಲ ಎಂದರೆ ಜಂಬವಾದೀತು, ಆದರೂ ಆಗಲಿಲ್ಲ. (ನನ್ನ ವಾದಕ್ಕೆ ಒಗ್ಗದ್ದನ್ನೂ ಹೇಳಿಬಿಡುತ್ತೇನೆ: ವಾರಕ್ಕೊಮ್ಮೆ ಹೇಗಿದ್ದೀರಿ ಎಂದು ಕೇಳುವ ಅದೇ ಪದ್ಧತಿಯನ್ನು ಮುಂದೆ ನೈರೋಬಿಯ ಕಿಬೆರಾದಲ್ಲಿ ಮಾಡಿದಾಗ, ಮೊದಲ ವರ್ಷ ರೋಗಿಗಳು ಚಿಕಿತ್ಸೆ ಬಿಡದಂತೆ ನೋಡಿಕೊಳ್ಳುವಲ್ಲಿ ಲಾಭ ಕಾಣಲಿಲ್ಲ.)

ನಿಮ್ಮ ಯೋಜನೆಯ ಬುಡದಲ್ಲಿ ಒಂದು ನಂಬಿಕೆಯಿದೆ: ಜನ ಮರೆತು ಮಾತ್ರೆ ಬಿಡುತ್ತಾರೆ ಎಂದು. 2004ರಿಂದ ಸರ್ಕಾರಿ ಕೇಂದ್ರಗಳಲ್ಲಿ ಈ ಔಷಧ ಉಚಿತ, ಈಗ ಬಹುತೇಕರಿಗೆ ದಿನಕ್ಕೆ ಒಂದೇ ಮಾತ್ರೆ. ಇದರಲ್ಲಿ ಮರೆಯುವುದೇನಿದೆ? ಬಾಗಲಕೋಟೆ ಕಡೆಯ ಒಂದು ಎಆರ್‌ಟಿ ಕೇಂದ್ರದಲ್ಲಿ (ಎಚ್‌ಐವಿ ಔಷಧ ಕೊಡುವ ಕೇಂದ್ರ) ಆಪ್ತಸಮಾಲೋಚಕಿಯೊಬ್ಬರು ತಮ್ಮ ಪುಸ್ತಕ ತೋರಿಸಿದ್ದರು. ಹೆಸರಿನ ಸಾಲಿನ ಮೇಲೆ ರಟ್ಟು ಅಡ್ಡ ಇಟ್ಟು, ಫೋನ್ ನಂಬರಿನ ಪಕ್ಕ ಪೆನ್ಸಿಲಿನಲ್ಲಿ ಬರೆದದ್ದನ್ನಷ್ಟೇ ಓದಲು ಬಿಟ್ಟರು. ‘ಮೈದುನನ ಫೋನು, ಸಂಜೆ ಮಾಡಬಾರದು.’ ‘ಕಬ್ಬು ಕಡಿಯಲು ಹೋಗಿದ್ದಾರೆ, ಯುಗಾದಿಗೆ ವಾಪಸ್.’ ‘ಅತ್ತೆ ಎತ್ತಿದರೆ ಸಂಘದವರು ಅನ್ನಬೇಕು.’ ನಾನಿದ್ದಾಗಲೇ ಒಂದು ನಂಬರು ಒತ್ತಿ, ‘ಅಕ್ಕಾರ, ಸಂಘದ ಮೀಟಿಂಗ್ ಐತ್ರಿ, ಯಾವಾಗ ಬರ್ತೀರಿ?’ ಎಂದರು. ಆ ಕಡೆಯಿಂದ ಏನು ಬಂತೋ, ‘ಆತು, ಸೋಮವಾರ ಬರ್ರಿ, ಊಟಾ ಮಾಡ್ಕೊಂಡು ಬರ್ರಿ’ ಎಂದು ಇಟ್ಟರು. ಫೋನು ಅವರದೇ. ರೀಚಾರ್ಜೂ ಅವರದೇ.

ಆ ಮೈದುನನ ಫೋನಿಗೆ ನಿಮ್ಮ ಕಂಪ್ಯೂಟರು ರಾತ್ರಿ ಎಂಟಕ್ಕೆ ‘ಮಾತ್ರೆ ತೆಗೆದುಕೊಳ್ಳಿ’ ಎಂದು ಕಳಿಸುವುದನ್ನು ಒಮ್ಮೆ ಯೋಚಿಸಿ. ಯಾವ ಮಾತ್ರೆ, ಯಾರಿಗೆ, ಯಾಕೆ? ಆ ಹೆಂಗಸು ಮನೆಯಲ್ಲಿ ಏನೆಂದು ಉತ್ತರ ಕೊಡಬೇಕು? ಎಲ್ಲರ ಕೈಯಲ್ಲೂ ಮೊಬೈಲ್ ಇದೆ ಎನ್ನುವಾಗ ನೀವು ಎಣಿಸಿದ್ದು ಮನೆಗಳನ್ನು, ಮನೆಯೊಳಗಿನ ಕೈಗಳನ್ನಲ್ಲ.

ಇಷ್ಟೆಲ್ಲ ತಲೆಯಲ್ಲಿಟ್ಟುಕೊಂಡು ಕೆಲಸ ಮಾಡುವವರನ್ನು ವರ್ಷಗಟ್ಟಲೆ ಗುತ್ತಿಗೆಯಲ್ಲೇ ಇಟ್ಟಿದ್ದೇವೆ. ಹೊಸ ಆ್ಯಪ್ ಬಂದರೆ ಉದ್ಘಾಟನೆಗೆ ಶಾಲು, ಹಾರ, ಫೋಟೊ. ಪೆನ್ಸಿಲಿನಲ್ಲಿ ಬರೆದಿಟ್ಟವರ ಗುತ್ತಿಗೆ ಮುಂದುವರಿಯುತ್ತದೋ ಇಲ್ಲವೋ ಎನ್ನುವುದು ಮಾರ್ಚ್ ಬಂದಾಗ ಗೊತ್ತಾಗಬೇಕು. ಆಸ್ಪತ್ರೆಯ ಕಥೆ ಮಾತ್ರವಲ್ಲ ಇದು. ನೀವು ಕೌಂಟರಿನ ಆಚೆ ಕೂತಿದ್ದ ಕಾಲದಲ್ಲಿ, ಸಹಿ ತಾಳೆಯಾಗದ ಅಜ್ಜಿಯನ್ನು ಕೂರಿಸಿ, ನೀರು ಕೊಟ್ಟು ಮಾತಾಡಿಸುತ್ತಿದ್ದಿರಿ ಎಂದು ನಂಬಿದ್ದೇನೆ. ಈಗ ಅದೇ ಅಜ್ಜಿಯ ಮೊಮ್ಮಗನಿಗೆ ಕನ್ನಡಕ್ಕಾಗಿ ಒಂದನ್ನು ಒತ್ತಿ, ದೂರಿಗಾಗಿ ನಾಲ್ಕನ್ನು ಒತ್ತಿ. ಒತ್ತಿ ಒತ್ತಿ ಕೊನೆಗೆ ಸಿಗುವುದು ಸಂಗೀತ. ನಮ್ಮ ಪತ್ರಿಕೆಯ ಚಂದಾ ವಿಭಾಗಕ್ಕೂ ಇಂಥದ್ದೊಂದನ್ನು ತಂದು ಮಾರಲು ಬಂದಿದ್ದರು. ಕಾಫಿ ಕೊಟ್ಟು ಕಳಿಸಿದೆವು.

ಇನ್ನು ನಿಮ್ಮ ಪಟ್ಟಿಯ ವಿಷಯ. ಆಸ್ಪತ್ರೆಯವರು ಅದನ್ನು ಕೊಡುವುದಿಲ್ಲ, ಕೊಡಲೂಕೂಡದು. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ರೋಗಿಯ ಒಪ್ಪಿಗೆಯಿಲ್ಲದೆ ಅವರ ಸ್ಥಿತಿಯನ್ನು ಹೊರಗೆ ಹೇಳುವಂತಿಲ್ಲ, ನಿಮ್ಮಂಥ ಒಳ್ಳೆಯವರಿಗೂ. ಸಂಘದ ದುಡ್ಡು ಹಾಗೇ ಇದ್ದರೆ ನಿಮ್ಮ ಜಿಲ್ಲೆಯ ಕೇಂದ್ರಕ್ಕೆ ಹೋಗಿ, ಆಪ್ತಸಮಾಲೋಚಕರ ಫೋನಿನ ಖರ್ಚು ಯಾರು ಕೊಡುತ್ತಿದ್ದಾರೆ ಎಂದು ಕೇಳಿ. ಔಷಧಕ್ಕೆ ಬರುವ ಕೂಲಿ ಗಂಡಸರ ಬಸ್ ಚಾರ್ಜನ್ನೂ ವಿಚಾರಿಸಿ. ಶಕ್ತಿ ಯೋಜನೆಯ ಉಚಿತ ಪ್ರಯಾಣ ಗಂಡಸರಿಗಿಲ್ಲ.

– ಸಂ.