ತಾನಾಗಿ ಬರುವುದು, ಕಲಿಸಿದರೆ ಬರುವುದು

ಮಾನ್ಯರೇ,

ಹೆಸರು ಪ್ರಕಟಿಸಬೇಡಿ ಎಂದು ಕೋರಿದ್ದೀರಿ, ಹಾಗೇ ಆಗಲಿ. ಉಳಿದ ಓದುಗರಿಗಾಗಿ ನಿಮ್ಮ ಪತ್ರದ ಸಾರವನ್ನಷ್ಟೇ ಹೇಳಿಬಿಡುತ್ತೇನೆ. ನಿಮ್ಮ ಮಗಳಿಗೆ ಆರೂವರೆ ವರ್ಷ. ಮಕ್ಕಳ ಆಸಕ್ತಿಯನ್ನೇ ಹಿಡಿದು ಪಾಠ ನಡೆಸುವ ಶಾಲೆಯೊಂದಕ್ಕೆ ಹೋಗುತ್ತಾಳೆ. ಮರದ ತುಂಡುಗಳಿಂದ ಸೇತುವೆ ಕಟ್ಟುತ್ತಾಳೆ, ಕಥೆ ಕಟ್ಟಿ ಹೇಳುತ್ತಾಳೆ, ಬೆಳಿಗ್ಗೆ ಎದ್ದರೆ ಶಾಲೆಗೆ ಹೊರಡುವ ಸಂಭ್ರಮ. ಆದರೆ ತನ್ನ ಹೆಸರಿನ ಅಕ್ಷರಗಳನ್ನು ಬಿಟ್ಟರೆ ಬೇರೇನೂ ಓದಲು ಬರುವುದಿಲ್ಲ. ಶಾಲೆಯವರು "ಸಮಯ ಬಂದಾಗ ತಾನೇ ಓದುತ್ತಾಳೆ, ಅವಸರ ಬೇಡ" ಅನ್ನುತ್ತಾರೆ. ನಿಮ್ಮ ಅತ್ತೆಯವರು ಮಗುವನ್ನು ಕೂರಿಸಿಕೊಂಡು ದಿನಾ ಎರಡು ಗಂಟೆ ತಿದ್ದಿಸಬೇಕು ಅನ್ನುತ್ತಾರೆ. "ಮಕ್ಕಳು ತಾವಾಗಿ ಕಲಿಯುತ್ತಾರೆ ಎಂದು ನಿಮ್ಮ ಪತ್ರಿಕೆಯೂ ಬರೆಯುತ್ತದೆ. ಕಲಿಯದಿದ್ದರೆ ಯಾರು ಹೊಣೆ?" ಎಂದು ಕೇಳಿದ್ದೀರಿ.

ನೇರವಾಗಿಯೇ ಉತ್ತರಿಸುತ್ತೇನೆ. ಸೇತುವೆಯ ವಿಷಯದಲ್ಲಿ ಶಾಲೆಯವರ ಮಾತು ಸರಿ. ಓದಿನ ವಿಷಯದಲ್ಲಿ ಅತ್ತೆಯವರ ಆತಂಕ ಸರಿ, ಅವರು ಹೇಳುವ ಎರಡು ಗಂಟೆ ಸರಿಯಲ್ಲ. ಯಾಕೆ ಎಂದು ವಿವರಿಸಲು ಸ್ವಲ್ಪ ಹಿಂದಕ್ಕೆ, ಅವಳು ಮೊದಲ ಹೆಜ್ಜೆ ಇಟ್ಟ ಕಾಲಕ್ಕೆ ಹೋಗಬೇಕು.

ನಡೆಯುವುದನ್ನು ಅವಳಿಗೆ ಯಾರೂ ಕಲಿಸಲಿಲ್ಲ. ಅಮೆರಿಕದ ಮನೋವಿಜ್ಞಾನಿ ಕ್ಯಾರೆನ್ ಅಡಾಲ್ಫ್ ಮತ್ತು ಅವರ ಸಂಗಡಿಗರು 12ರಿಂದ 19 ತಿಂಗಳ ಮಕ್ಕಳು ಆಡಿಕೊಳ್ಳುತ್ತಿರುವಾಗ ಇಟ್ಟ ಹೆಜ್ಜೆಗಳನ್ನು ಎಣಿಸಿ 2012ರಲ್ಲಿ ಪ್ರಕಟಿಸಿದರು. ಸರಾಸರಿ ಲೆಕ್ಕದಲ್ಲಿ ಗಂಟೆಗೆ 2,368 ಹೆಜ್ಜೆ, 17 ಸಲ ಬೀಳುವುದು. ಇಷ್ಟು ಅಭ್ಯಾಸವನ್ನು ಯಾವ ಶಿಕ್ಷಕರೂ ಬಲವಂತದಿಂದ ಮಾಡಿಸಲಾರರು. ಬಿದ್ದ ಮಗುವಿಗೆ ಅಂಕ ಕಡಿಮೆಯಾಗುವ ಭಯವಿಲ್ಲ, ಪಕ್ಕದ ಮಗು ಎಷ್ಟು ಹೆಜ್ಜೆ ಹಾಕಿತೆಂಬ ಲೆಕ್ಕವಿಲ್ಲ. ಏಳುತ್ತದೆ, ಮತ್ತೆ ನಡೆಯುತ್ತದೆ.

ಕಾಲದ ಮಾತೂ ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳ ಮಕ್ಕಳನ್ನು ಗಮನಿಸಿ 2006ರಲ್ಲಿ ಕೊಟ್ಟ ವರದಿಯ ಪ್ರಕಾರ, ಆರೋಗ್ಯವಂತ ಮಗು ಯಾರ ಆಸರೆಯೂ ಇಲ್ಲದೆ ನಡೆಯಲು ತೊಡಗುವುದು 8 ತಿಂಗಳಿಗೂ ಆಗಬಹುದು, 17 ತಿಂಗಳು ದಾಟಿದ ಮೇಲೂ ಆಗಬಹುದು. ನೂರರಲ್ಲಿ ನಾಲ್ಕು ಮಕ್ಕಳು ಅಂಬೆಗಾಲಿಡದೆಯೇ ನೇರವಾಗಿ ಎದ್ದು ನಡೆದಿದ್ದವು. ಇದಕ್ಕೂ ಬಹಳ ಹಿಂದೆ, 1929ರಲ್ಲಿ, ಅಮೆರಿಕದ ಮನೋವಿಜ್ಞಾನಿ ಆರ್ನಾಲ್ಡ್ ಗೆಸೆಲ್ ಅವಳಿ ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಆರು ವಾರ ಮೆಟ್ಟಿಲು ಹತ್ತುವ ಅಭ್ಯಾಸ ಕೊಟ್ಟರು. ಇನ್ನೊಬ್ಬಳಿಗೆ ಸ್ವಲ್ಪ ದೊಡ್ಡವಳಾದ ಮೇಲೆ ಎರಡೇ ವಾರ ಕೊಟ್ಟರು. ತಡವಾಗಿ ಶುರು ಮಾಡಿದವಳು ಅಕ್ಕನನ್ನೋ ತಂಗಿಯನ್ನೋ ಬೇಗನೆ ಸರಿಗಟ್ಟಿದಳು. ಇಬ್ಬರ ಮೇಲಿನ ಪ್ರಯೋಗ ಇಡೀ ಮನುಷ್ಯಕುಲಕ್ಕೆ ಸಾಕ್ಷಿಯಾಗದು ನಿಜ. ಆದರೂ ದೇಹ ಹದಕ್ಕೆ ಬರುವ ಮೊದಲು ದೊಡ್ಡವರು ಪಡುವ ಪಾಡು ಎಷ್ಟೋ ಸಲ ಮಗುವಿಗಿಂತ ದೊಡ್ಡವರ ಸಮಾಧಾನಕ್ಕೇ ಆಗುತ್ತದೆ ಎಂಬುದು ನನ್ನ ನಂಬಿಕೆ.

ಮಾತು, ನಡಿಗೆ, ಆಟ, ಎದುರಿನವರ ಮುಖ ನೋಡಿ ಮನಸ್ಸು ತಿಳಿಯುವುದು, ಇವೆಲ್ಲ ಮನುಷ್ಯನ ಜೊತೆ ಲಕ್ಷಾಂತರ ವರ್ಷ ಬೆಳೆದು ಬಂದವು. ಸುತ್ತ ಮಾತನಾಡುವವರಿದ್ದರೆ, ಪ್ರೀತಿಸುವವರಿದ್ದರೆ, ಓಡಾಡಲು ಜಾಗವಿದ್ದರೆ ಮಗು ಇವನ್ನು ಹಿಡಿದುಕೊಳ್ಳುತ್ತದೆ. ಬರಹದ ಕಥೆ ಬೇರೆ. ಅದಕ್ಕೆ ಹೆಚ್ಚೆಂದರೆ ಐದು ಸಾವಿರ ಚಿಲ್ಲರೆ ವರ್ಷ. ತೀರ ಇತ್ತೀಚಿನವರೆಗೂ ಹೆಚ್ಚಿನ ಜನ ಓದು ಬಾರದೆಯೇ ಬದುಕಿ ಬಾಳಿದರು, ಆದರೆ ಅವರೆಲ್ಲ ಮಾತನಾಡುತ್ತಿದ್ದರು. ಕಣ್ಣಿಗೆ ಕಾಣುವ ಗೆರೆಗೂ ಕಿವಿಗೆ ಕೇಳುವ ದನಿಗೂ ಇರುವ ನಂಟು ಜನರು ಮಾಡಿಕೊಂಡ ಒಪ್ಪಂದ. ಆ ಒಪ್ಪಂದವನ್ನು ಮಗು ತಾನಾಗಿ ಊಹಿಸಲಾರದು, ಬಲ್ಲವರು ಹೇಳಿಕೊಡಬೇಕು. ಪುಸ್ತಕಗಳ ನಡುವೆ ಬೆಳೆದ ಕೆಲವು ಮಕ್ಕಳು ಹೇಳಿಕೊಡದೆಯೂ ಓದತೊಡಗುತ್ತಾರೆ. ಅವರನ್ನು ನೋಡಿ ಎಲ್ಲ ಮಕ್ಕಳಿಗೂ ಅದೇ ನಿಯಮ ಮಾಡಿದರೆ ಉಳಿದವರಿಗೆ ಅನ್ಯಾಯವಾಗುತ್ತದೆ.

ಮಗುವಿನ ಹಿಂದೆ ನಡೆಯುವ ಶಿಕ್ಷಣ ಎಂದಾಗ ಎಲ್ಲರೂ ಇಟಲಿಯ ಶಿಕ್ಷಣತಜ್ಞೆ ಮಾರಿಯಾ ಮಾಂಟೆಸ್ಸೋರಿಯವರ ಹೆಸರು ಹೇಳುತ್ತಾರೆ. ಅವರು ಮಾಡಿದ್ದೇನು ಎಂದು ನೋಡೋಣ. 1907ರ ಜನವರಿ 6ರಂದು ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ 'ಮಕ್ಕಳ ಮನೆ' ಎಂಬ ಅವರ ಮೊದಲ ಶಾಲೆ ತೆರೆಯಿತು. ಅಲ್ಲಿ ಮೂರು ವರ್ಷದ ಆಸುಪಾಸಿನ ಹುಡುಗಿಯೊಬ್ಬಳು ಮರದ ಉರುಳೆಗಳನ್ನು ಅವುಗಳ ಕುಳಿಗಳಿಗೆ ಹೊಂದಿಸುತ್ತ ಕುಳಿತಿದ್ದಳು. ಅವಳ ಗಮನ ಕದಡುತ್ತದೆಯೇ ಎಂದು ನೋಡಲು ಮಾಂಟೆಸ್ಸೋರಿ ಉಳಿದ ಮಕ್ಕಳಿಂದ ಸುತ್ತಲೂ ಹಾಡಿಸಿದರು, ಅವಳು ಕುಳಿತ ಕುರ್ಚಿಯನ್ನೇ ಎತ್ತಿ ಮೇಜಿನ ಮೇಲಿಟ್ಟರು. ಅವಳು ಕೆಲಸ ಬಿಡಲಿಲ್ಲ. ನಲವತ್ತಕ್ಕೂ ಹೆಚ್ಚು ಬಾರಿ ತೆಗೆದು ತೆಗೆದು ಹೊಂದಿಸಿದ ಮೇಲೆ ತಾನೇ ನಿಲ್ಲಿಸಿದಳು. ಮಗುವಿಗೆ ಏಕಾಗ್ರತೆ ಇಲ್ಲ ಎನ್ನುವವರಿಗೆಲ್ಲ ಈ ಘಟನೆ ಉತ್ತರ.

ಆದರೆ ಆ ಉರುಳೆಗಳು ಅಲ್ಲಿಗೆ ತಾವಾಗಿ ಬಂದಿರಲಿಲ್ಲ. ವೈದ್ಯೆಯಾಗಿದ್ದ ಮಾಂಟೆಸ್ಸೋರಿ ಅವನ್ನು ಅಳೆದು ತೂಗಿ ಆರಿಸಿ, ತಪ್ಪಿದರೆ ಮಗುವಿಗೇ ಗೊತ್ತಾಗುವಂತೆ ಮಾಡಿಸಿದ್ದರು. ಓದುಬರಹಕ್ಕೂ ಅವರು ಕಾಯುತ್ತ ಕುಳಿತಿರಲಿಲ್ಲ. ಮರಳು ಕಾಗದದಲ್ಲಿ ಅಕ್ಷರ ಕತ್ತರಿಸಿ, ಹಲಗೆಗೆ ಅಂಟಿಸಿ, ಮಗು ಬೆರಳಿನಿಂದ ಸವರುತ್ತಿರುವಾಗ ಅದರ ದನಿಯನ್ನು ಹೇಳಿಕೊಡುತ್ತಿದ್ದರು. ನಾಲ್ಕೈದು ವರ್ಷದ ಮಕ್ಕಳು ಒಂದು ದಿನ ಇದ್ದಕ್ಕಿದ್ದಂತೆ ಬರೆಯತೊಡಗಿದರಂತೆ. ನೋಡಿದವರಿಗೆ ಅದು ಪವಾಡ. ಅದರ ಹಿಂದೆ ತಿಂಗಳುಗಟ್ಟಲೆಯ ತಯಾರಿ ಇತ್ತು. ಯಾವಾಗ, ಎಷ್ಟು ಹೊತ್ತು, ಎಷ್ಟು ಸಲ ಎಂಬುದನ್ನು ಮಗು ತೀರ್ಮಾನಿಸುತ್ತಿತ್ತು. ಎದುರಿಗೆ ಏನಿರಬೇಕು ಎಂಬುದು ದೊಡ್ಡವರ ಜವಾಬ್ದಾರಿಯಾಗಿತ್ತು. ನಿಮ್ಮ ಮಗಳ ಶಾಲೆಯಲ್ಲಿ ಮೊದಲನೆಯದು ಇದೆ, ಎರಡನೆಯದು ಸಡಿಲವಾಗಿದೆ ಎಂದು ನಿಮ್ಮ ಪತ್ರ ಓದಿದ ಮೇಲೆ ನನಗೆ ಅನ್ನಿಸುತ್ತದೆ.

ಹಾಗೆಂದು ಎಲ್ಲವನ್ನೂ ಹೇಳಿಕೊಡಲು ಹೊರಡಬೇಡಿ. 2011ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಹಲವು ಗುಟ್ಟುಗಳಿದ್ದ ಆಟಿಕೆಯೊಂದನ್ನು ಪುಟ್ಟ ಮಕ್ಕಳಿಗೆ ಕೊಟ್ಟರು. "ನೋಡು, ಇದು ಹೀಗೆ ಕೆಲಸ ಮಾಡುತ್ತದೆ" ಎಂದು ಒಂದು ಗುಟ್ಟನ್ನು ಹೇಳಿಸಿಕೊಂಡ ಮಕ್ಕಳು ಅದನ್ನೇ ಮಾಡುತ್ತ ಕುಳಿತರು. ದೊಡ್ಡವರ ಕೈತಪ್ಪಿ ಆದಂತೆ ಅದೇ ಗುಟ್ಟನ್ನು ಕಂಡ ಮಕ್ಕಳು ಮಿಕ್ಕವನ್ನೂ ತಡಕಾಡಿ ಕಂಡುಕೊಂಡರು. ಸೇತುವೆ ಬೀಳುವಾಗ ತಿದ್ದಲು ಕೈ ಚಾಚಬೇಡಿ. ತೂಕ, ಸಮತೋಲ, ಅಳತೆ ಎಲ್ಲ ಅವಳ ಕೈಗೆ ಹತ್ತುತ್ತಿವೆ.

ಇನ್ನು ಓದು. ದಿನಕ್ಕೆ ಹದಿನೈದು ನಿಮಿಷ ಸಾಕು, ಎರಡು ಗಂಟೆ ಖಂಡಿತ ಬೇಡ. ಅವಳೇ ಕಟ್ಟಿದ ಕಥೆಯನ್ನು ಅವಳು ಹೇಳಲಿ, ನೀವು ಎರಡೇ ಸಾಲು ದೊಡ್ಡ ಅಕ್ಷರದಲ್ಲಿ ಬರೆಯಿರಿ. ಅದರಿಂದಲೇ ದಿನಕ್ಕೊಂದು ಅಕ್ಷರ ಹೆಕ್ಕಿ, ದನಿ ಹೇಳಿ, ಬೆರಳಿನಲ್ಲಿ ತಿದ್ದಿಸಿ. ಗೊತ್ತಿರುವ ನಾಲ್ಕು ಅಕ್ಷರಗಳಿಂದ ಪದ ಕೂಡಿಸಿ. ಕಾಗುಣಿತ ಆಮೇಲೆ, ಒತ್ತಕ್ಷರ ಇನ್ನೂ ಆಮೇಲೆ. ಇವೆಲ್ಲ ಪೂರ್ತಿ ಕೈಗೂಡಲು ಕೆಲವು ವರ್ಷಗಳೇ ಹಿಡಿಯುತ್ತವೆ, ಅದಕ್ಕೆ ಗಾಬರಿ ಬೇಡ. ಅವಳಿಗೆ ಓದಿ ಹೇಳುವುದನ್ನು ಮಾತ್ರ ಯಾವ ಕಾರಣಕ್ಕೂ ನಿಲ್ಲಿಸಬೇಡಿ.

ಓದಿದರೆ ಉಡುಗೊರೆ ಕೊಡುವ ಆಲೋಚನೆ ಬರೆದಿದ್ದೀರಿ. ದಯವಿಟ್ಟು ಬೇಡ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಸಂಶೋಧಕರು ಚಿತ್ರ ಬರೆಯುವುದನ್ನು ಪ್ರೀತಿಸುತ್ತಿದ್ದ ಮಕ್ಕಳಿಗೆ ಬರೆದರೆ ಬಹುಮಾನ ಎಂದು ಮೊದಲೇ ಹೇಳಿದರು. ಕೆಲವು ದಿನಗಳ ನಂತರ ಅದೇ ಮಕ್ಕಳು ಬಿಡುವಿನಲ್ಲಿ ಚಿತ್ರ ಬರೆಯುವ ಹೊತ್ತು ಬಹುಮಾನ ಕಾಣದ ಮಕ್ಕಳ ಹೋಲಿಕೆಯಲ್ಲಿ ಸುಮಾರು ಅರ್ಧಕ್ಕೆ ಇಳಿದಿತ್ತು. ಮೊದಲೇ ಗೊತ್ತಿಲ್ಲದೆ ಕೊನೆಯಲ್ಲಿ ಬಹುಮಾನ ಪಡೆದವರಲ್ಲಿ ಹಾಗಾಗಲಿಲ್ಲ. ಅವಳು ಒಂದು ಪದ ಓದಿದಾಗ ನಿಮ್ಮ ಮುಖ ಅರಳಿದರೆ ಬೇರೆ ಬಹುಮಾನ ಬೇಕಿಲ್ಲ.

ಒಂದು ವಿಷಯದಲ್ಲಿ ಮಾತ್ರ ಕಾಯಬೇಡಿ ಎಂದು ಒತ್ತಿ ಹೇಳುತ್ತೇನೆ. ಅವಳ ಕಣ್ಣು, ಕಿವಿ ಎರಡನ್ನೂ ಪರೀಕ್ಷೆ ಮಾಡಿಸಿ. ಪ್ರಾಸದ ಪದ ಹೇಳಲು, ಪದದ ಮೊದಲ ದನಿ ಗುರುತಿಸಲು ತಿಣುಕುತ್ತಾಳೆಯೇ, ನಿನ್ನೆ ಕಲಿತ ಅಕ್ಷರ ಇಂದು ಪದೇ ಪದೇ ಮರೆಯುತ್ತದೆಯೇ, ಮನೆಯಲ್ಲಿ ಯಾರಿಗಾದರೂ ಓದು ತುಂಬ ಕಷ್ಟವಾಗಿತ್ತೇ ಎಂದು ನೋಡಿ. ಹೀಗಿದ್ದರೆ ಡಿಸ್ಲೆಕ್ಸಿಯಾ, ಅಂದರೆ ಅಕ್ಷರ ಮತ್ತು ದನಿಯನ್ನು ಹೊಂದಿಸಿ ಓದುವುದರಲ್ಲೇ ಇರುವ ತೊಡಕು, ಇರಬಹುದು. ಅದು ಬುದ್ಧಿಯ ಕೊರತೆಯಲ್ಲ, ಆದರೆ ಬೇಗ ಸಿಕ್ಕ ನೆರವು ತಡವಾಗಿ ಸಿಕ್ಕಿದ್ದಕ್ಕಿಂತ ಹೆಚ್ಚು ಫಲ ಕೊಡುತ್ತದೆ. "ಸಮಯ ಬಂದಾಗ" ಎಂದು ಕಾದು ಕಳೆದ ಎರಡು ವರ್ಷದ ಬೆಲೆಯನ್ನು ಇಂಥ ಮಗುವೇ ತೆರಬೇಕಾಗುತ್ತದೆ, ಅದೂ ತಾನು ದಡ್ಡಿ ಎಂಬ ಭಾವನೆಯ ಜೊತೆಗೆ.

ಶಾಲೆ ಬಿಡಿಸುವ ಮೊದಲು ಅವಳ ಶಿಕ್ಷಕಿಯ ಹತ್ತಿರ ಕುಳಿತು ಕೇಳಿ: ಅವಳಿಗೆ ಯಾವ ಅಕ್ಷರಗಳು ಗೊತ್ತು, ಅದನ್ನು ಬರೆದಿಟ್ಟಿದ್ದೀರಾ, ಮುಂದಿನ ತಿಂಗಳು ಏನನ್ನು ಅವಳ ಎದುರಿಗೆ ಇಡುತ್ತೀರಿ? ಮಗುವನ್ನು ನಿಜವಾಗಿ ಗಮನಿಸುವ ಶಿಕ್ಷಕಿ ತಕ್ಷಣ ಪುಸ್ತಕ ತೆರೆದು ತೋರಿಸುತ್ತಾರೆ. ಅಂಥ ಉತ್ತರ ಸಿಕ್ಕರೆ ಶಾಲೆ ಬದಲಿಸಬೇಡಿ, ಮನೆಯ ಹದಿನೈದು ನಿಮಿಷ ಮುಂದುವರಿಸಿ. ಕೇಳಿದ್ದಕ್ಕೆಲ್ಲ "ತಾನಾಗಿ ಬರುತ್ತದೆ" ಎಂಬುದೊಂದೇ ಉತ್ತರವಾದರೆ, ಬೇರೆ ಶಾಲೆ ಹುಡುಕಿ.

– ಸಂಪಾದಕಿ