ಮೇ 1ರ ರಜೆ ಭಾನುವಾರ ವಾಪಸ್ ಕೊಡ್ಬೇಕಾ?

ಪ್ರಶ್ನೆ: ನಾನು ಬೊಮ್ಮನಹಳ್ಳಿ ಕಡೆ ಒಂದು ಗಾರ್ಮೆಂಟ್ಸಲ್ಲಿ ಟೈಲರ್. ಮೇ 1ಕ್ಕೆ ರಜೆ ಕೊಟ್ರು, ಆದ್ರೆ ಅದಕ್ಕೆ ಬದಲು ಮುಂದಿನ ಭಾನುವಾರ ಬನ್ನಿ ಅಂತ ಪೂರ್ತಿ ದಿನ ಕೆಲ್ಸ ಮಾಡಿಸಿದ್ರು, ದುಡ್ಡಿಲ್ಲ. ಕೇಳಿದ್ರೆ ರಜೆ ಕೊಟ್ಟಿದ್ದೇ ದೊಡ್ಡದು ಅಂತಾರೆ. ಇದು ಸರೀನಾ ಸಾರ್?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಸರಿಯಲ್ಲಮ್ಮ, ಖಂಡಿತ ಸರಿಯಲ್ಲ. ಅದು ಮಾಲೀಕರು ದಯೆ ತೋರಿಸಿ ಕೊಟ್ಟ ರಜೆ ಅಲ್ಲ. ನಮ್ಮ ರಾಜ್ಯದಲ್ಲಿ 1963ರಿಂದ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ ಇದೆ, ಆಗಸ್ಟ್ 15, ನವೆಂಬರ್ 1ರ ಥರಾನೇ ಮೇ 1ಕ್ಕೂ ಸಂಬಳದ ಸಮೇತ ರಜೆ ಕೊಡ್ಲೇಬೇಕು. ಅವತ್ತೇ ಕೆಲ್ಸ ಮಾಡಿಸಿದ್ರೆ ಡಬಲ್ ಸಂಬಳ, ಇಲ್ಲಾಂದ್ರೆ ಆ ದಿನದ ಸಂಬಳದ ಜೊತೆ ಇನ್ನೊಂದು ದಿನ ಸಂಬಳದ ರಜೆ. ಭಾನುವಾರದ ವಾರದ ರಜೆ ಬೇರೇನೇ ಲೆಕ್ಕ, ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ಕೊಂಡ್ರೆ ನಿಮಗೆ ರಜೆ ಸಿಕ್ಕಿದ್ದೆಲ್ಲಿ? ವಾರಕ್ಕೆ 48 ಗಂಟೆ ದಾಟಿದ ಕೆಲ್ಸಕ್ಕೆ ಡಬಲ್ ರೇಟಲ್ಲಿ ಓಟಿ ಕೊಡ್ಬೇಕು ಅನ್ನೋದೂ ಕಾನೂನೇ.

1886ರಲ್ಲಿ ಶಿಕಾಗೋದ ಕಾರ್ಮಿಕರು ದಿನಕ್ಕೆ ಎಂಟೇ ಗಂಟೆ ಕೆಲ್ಸ ಅಂತ ಬೀದಿಗಿಳಿದು ಪ್ರಾಣಾನೂ ಕೊಟ್ರು, ಮೇ ದಿನ ಬಂದಿದ್ದು ಅಲ್ಲಿಂದ. ಆದ್ರೆ ನಿಮಗೆ ಅಷ್ಟು ದೂರ ಹೋಗೋದೇ ಬೇಡ. 2016ರಲ್ಲಿ ಪಿಎಫ್‌ನಲ್ಲಿ ಮಾಲೀಕರ ಪಾಲನ್ನ 58 ವರ್ಷ ಆಗೋವರೆಗೂ ತೆಗೆಯೋ ಹಾಗಿಲ್ಲ ಅಂತ ಕೇಂದ್ರ ರೂಲ್ಸ್ ತಂದಾಗ, ಏಪ್ರಿಲ್‌ನಲ್ಲಿ ನಿಮ್ಮ ಬೊಮ್ಮನಹಳ್ಳಿ ಗಾರ್ಮೆಂಟ್ಸ್ ಹೆಣ್ಮಕ್ಕಳೇ ಮಷೀನ್ ಬಿಟ್ಟೆದ್ದು ಹೊಸೂರು ರೋಡಲ್ಲಿ ಕೂತ್ರು, ಯಾವ ದೊಡ್ಡ ಲೀಡರೂ ಕರೆದಿರ್ಲಿಲ್ಲ, ಮಗು ಸ್ಕೂಲ್ ಫೀಸಿಗೋ ಆಸ್ಪತ್ರೆ ಖರ್ಚಿಗೋ ಅಂತ ನಂಬ್ಕೊಂಡಿದ್ದ ದುಡ್ಡದು, ಎರಡೇ ದಿನಕ್ಕೆ ಸರ್ಕಾರ ರೂಲ್ಸ್ ವಾಪಸ್ ತಗೊಳ್ತು. ನಿಮ್ಮ ಲೈನಲ್ಲಿ ಅವತ್ತು ಕೂತಿದ್ದ ಅಕ್ಕಂದಿರು ಈಗ್ಲೂ ಇರಬಹುದು, ಕೇಳಿ ನೋಡಿ.

ಈಗ ಮಾಡ್ಬೇಕಾಗಿರೋದು: ಮೇ ತಿಂಗಳ ಪೇ ಸ್ಲಿಪ್ ಎತ್ತಿಡಿ, ಭಾನುವಾರ ಬನ್ನಿ ಅಂದ ನೋಟಿಸ್ ಅಥವಾ ವಾಟ್ಸಾಪ್ ಮೆಸೇಜ್ ಇದ್ರೆ ಫೋಟೋ ತೆಗೆದಿಡಿ. ಒಬ್ಬರೇ ಹೋಗಿ ಎಚ್‌ಆರ್ ಹತ್ರ ಜಗಳ ಆಡ್ಬೇಡಿ, ಟಾರ್ಗೆಟ್ ನೆಪ ಹೇಳಿ ನಿಮ್ಮನ್ನೇ ಕಾಡಿಸ್ತಾರೆ. ಹತ್ತಾರು ಜನ ಸೈನ್ ಹಾಕಿ ಬರವಣಿಗೆಯಲ್ಲಿ ಕೇಳಿ, ಆಗ್ಲೂ ಕೊಡದಿದ್ರೆ ಅದೇ ಪತ್ರದ ಕಾಪಿ ತಗೊಂಡು ಲೇಬರ್ ಇನ್ಸ್‌ಪೆಕ್ಟರಿಗೆ ದೂರು ಕೊಡಿ, ಸ್ವೀಕೃತಿ ಹಾಕಿಸ್ಕೊಳ್ಳೋದು ಮರೀಬೇಡಿ.